ಹಣಿಗೆಯೂ ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನನ್ನದೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ಮಹಾರಾಷ್ಟ್ರದ ನೆಲದಲ್ಲಿ ಕನ್ನಡ ಶಾಲೆಯೊಂದು ಐವತ್ತು ವರ್ಷ ಬಾಳಿದ ಬಗೆಯನ್ನು ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಂತೆ ತೋರಿತು. ಆ ವಿಷಯವನ್ನು ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿರುತ್ತಾರೆ. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಅವರಲ್ಲೊಬ್ಬರು ನಕ್ಕುಬಿಟ್ಟರು. ಮಕ್ಕಳ ತಲೆಗೂದಲು! ಹಬ್ಬದ ಮನೆಯಲ್ಲಿ ಮುದುಕನೊಬ್ಬ ಹೇನು-ಸೀರುಗಳ ಮಾತು ತೆಗೆಯುವುದೇ ಎಂದು ಅವರಿಗೆ ಅನಿಸಿದ್ದರೆ ತಪ್ಪೇನಿಲ್ಲ.

ಆದರೆ ಅವರೇ ನನ್ನ ಕೈಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಕೊಟ್ಟು, ಬಿಟ್ಟುಹೋದ ಹೆಸರುಗಳಿದ್ದರೆ ಸೂಚಿಸಬೇಕೆಂದು ಹೇಳಿಹೋದರು. ಎರಡು ದಿನ ಕುಳಿತು ಓದಿದೆ. ವೈದ್ಯರು, ವಕೀಲರು, ಮಗ್ಗದ ಮಾಲೀಕರು, ಬೆಳಗಾವಿ-ಬೆಂಗಳೂರುಗಳಲ್ಲಿ ನೌಕರಿಯಲ್ಲಿರುವವರು, ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂದಿತು. ಎರಡು ಹೆಸರು ಮಾತ್ರ ಅದರಲ್ಲಿರಲಿಲ್ಲ. ಇರುವಂತೆಯೂ ಇಲ್ಲ, ಏಕೆಂದರೆ ಅವರಿಬ್ಬರೂ ನಡುವೆಯೇ ಶಾಲೆ ಬಿಟ್ಟವರು. ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರೂ ಶಾಲೆ ಬಿಟ್ಟದ್ದು ತಲೆಗೂದಲಿನ ಕಾರಣದಿಂದ. ಹುಡುಗನ ಕೂದಲನ್ನು ನಾನು ಕತ್ತರಿಸಿದೆ. ಹುಡುಗಿಯ ಕೂದಲನ್ನು ನಾನು ಮುಟ್ಟಲಿಲ್ಲ. ಎರಡೂ ತಪ್ಪೇ.

ಮೊದಲು ನನ್ನ ಬಾಲ್ಯದ ಒಂದೆರಡು ಮಾತು. ನಮ್ಮ ಅಜ್ಜನಿಗೆ ಚಂಡಿಕೆ ಇತ್ತು. ನನಗೆ ಕ್ರಾಪು ಬಿಡಿಸಬೇಕೆಂದು ತಂದೆಯವರು ಹೇಳಿದಾಗ ಅಜ್ಜ ಎರಡು ದಿನ ಮಗನೊಡನೆ ಮಾತು ಬಿಟ್ಟಿದ್ದನಂತೆ. ಕ್ರಾಪೆಂದರೆ ಸಾಹೇಬರ ಚಾಳಿ, ಮನೆತನ ಕೆಟ್ಟಿತು ಎಂಬುದು ಅವನ ಮತ. ಹಡಪದ ಮನೆತನದ ಹಿರಿಯರೊಬ್ಬರು ಅಮವಾಸ್ಯೆ, ಸೋಮವಾರಗಳನ್ನು ಬಿಟ್ಟು ಉಳಿದ ದಿನ ನಮ್ಮ ಕಟ್ಟೆಗೆ ಬರುತ್ತಿದ್ದರು. ಎರಡು ಮೊಣಕಾಲುಗಳ ನಡುವೆ ನಮ್ಮ ತಲೆಯನ್ನು ಸಿಕ್ಕಿಸಿಕೊಂಡು, ತಣ್ಣೀರು ಚಿಮುಕಿಸಿ, ಕೈಮಶೀನು ಓಡಿಸುತ್ತಿದ್ದರು. ಅದು ಕತ್ತರಿಸುವುದಕ್ಕಿಂತ ಕಿತ್ತುವುದೇ ಹೆಚ್ಚು. ಕೂಲಿ ಎಂದು ರೊಕ್ಕ ಕೊಟ್ಟದ್ದನ್ನು ನಾನು ಕಾಣೆ; ಸುಗ್ಗಿಯಲ್ಲಿ ಜೋಳದ ಆಯ ಕೊಡುತ್ತಿದ್ದರು. ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮ ಕುಲದ ಶರಣರೆಂದು ಆ ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಮಗಾದರೋ ಆಗ ಮೊಣಕಾಲಿನ ಹಿಡಿತದಿಂದ ಪಾರಾದರೆ ಸಾಕಾಗಿತ್ತು.

ಅಜ್ಜನಿಗೆ ಬೇಡವಾಗಿದ್ದ ಆ ಕ್ರಾಪೇ ನಾನು ಶಿಕ್ಷಕನಾಗುವ ಹೊತ್ತಿಗೆ ಶಿಸ್ತಿನ ಗುರುತಾಗಿತ್ತು. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ, ತರಬೇತಿ ಪಡೆದು ನಾನು ಕೆಲಸಕ್ಕೆ ಸೇರಿದ ಕಾಲ ಎಪ್ಪತ್ತರ ದಶಕ. ಇಚಲಕರಂಜಿಯ ಟಾಕೀಜುಗಳಲ್ಲಿ ಅಮಿತಾಭ ಬಚ್ಚನ್ನರ ಚಿತ್ರ ಬಂದರೆ ಮರುವಾರವೇ ನಮ್ಮ ಏಳನೆಯ ಇಯತ್ತೆಯ ಹುಡುಗರ ಕಿವಿಗಳು ಕೂದಲೊಳಗೆ ಮಾಯವಾಗುತ್ತಿದ್ದವು. 2003ರಲ್ಲಿ ‘ತೇರೆ ನಾಮ್’ ಬಂದಾಗ ನಡುಬೈತಲೆ ತೆಗೆದು ಹಣೆಯ ಮೇಲೆ ಎರಡೂ ಕಡೆ ಕೂದಲು ಇಳಿಬಿಟ್ಟರು. 2006ರಲ್ಲಿ ಲಾಹೋರಿನ ಮೈದಾನದಲ್ಲಿ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಮುಷರಫರು ಧೋನಿಯ ನೀಳಗೂದಲನ್ನು ಮೆಚ್ಚಿ, ಕತ್ತರಿಸಬೇಡವೆಂದು ಹೇಳಿದರು. ಆ ಸುದ್ದಿಯಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಮರುವರ್ಷ ವಿಶ್ವಕಪ್ಪು ಗೆದ್ದ ಮೇಲೆ ಧೋನಿ ತಾನಾಗಿಯೇ ಕೂದಲು ಕತ್ತರಿಸಿಕೊಂಡಾಗ ನಮ್ಮ ಹುಡುಗರೂ ಸಾಲಾಗಿ ಸಲೂನಿಗೆ ಹೋದರು. ನಾನು ಹತ್ತು ತಿಂಗಳು ಬೈದು ಮಾಡಿಸಲಾರದ್ದನ್ನು ಅವನು ಒಂದೇ ದಿನದಲ್ಲಿ ಮಾಡಿಸಿದ.

ಇನ್ನು ಆ ಹುಡುಗನ ವಿಷಯ. 1984ನೆಯ ಇಸವಿ, ಜನವರಿಯ ಕೊನೆ. ಗಣರಾಜ್ಯೋತ್ಸವದ ಕವಾಯತಿಗಾಗಿ ಎಲ್ಲ ಹುಡುಗರೂ ಕೂದಲು ಕತ್ತರಿಸಿಕೊಂಡು ಬರಬೇಕೆಂದು ಮೂರು ಸಲ ಅಪ್ಪಣೆ ಮಾಡಿದ್ದೆ. ಒಬ್ಬನೇ ಕೇಳಿರಲಿಲ್ಲ. ಕೂದಲು ಕುತ್ತಿಗೆಯವರೆಗೆ ಇಳಿದಿತ್ತು. ಅವನ ತಂದೆ ಮಗ್ಗದ ಮೇಲೆ ರಾತ್ರಿ ಪಾಳಿ ಮಾಡುವವರು. ಹುಡುಗನೂ ಸಂಜೆ ಕಾಂಡಿ ಸುತ್ತಲು ಹೋಗುತ್ತಿದ್ದನು. ಅವನ ತಲೆಯ ಮೇಲೆ ಹತ್ತಿಯ ಬಿಳಿಯ ನವಿರು ಕುಳಿತಿರುತ್ತಿತ್ತು. ನಮ್ಮ ಊರಿನಲ್ಲಿ ಅದೇನು ಹೊಸತಲ್ಲ. 1904ರಲ್ಲಿ ಇಚಲಕರಂಜಿಗೆ ಮೊದಲನೆಯ ವಿದ್ಯುತ್ ಮಗ್ಗ ಬಂದಾಗಿನಿಂದ ಇಲ್ಲಿಯ ದುಡಿಯುವ ತಲೆಗಳೆಲ್ಲ ಸಂಜೆಗೆ ಮುದಿಯಾಗುತ್ತವೆ. ಪ್ರಾರ್ಥನೆ ಮುಗಿದ ಮೇಲೆ ಅವನನ್ನು ಮುಂದೆ ಕರೆದು, ಹೊಲಿಗೆಯ ತಾಸಿನ ಕತ್ತರಿಯನ್ನು ತರಿಸಿ, ಎಲ್ಲರೆದುರು ಬಲಗಿವಿಯ ಮೇಲಿನ ಕೂದಲನ್ನು ನಾಲ್ಕು ಬೆರಳಗಲ ಕತ್ತರಿಸಿದೆ. ಉಳಿದದ್ದನ್ನು ತಾನಾಗಿಯೇ ತೆಗೆಸಿಕೊಂಡು ಬರಲಿ ಎಂಬುದು ನನ್ನ ಯುಕ್ತಿ. ಇನ್ನೂರು ಮಕ್ಕಳು ನಕ್ಕರು. ಹುಡುಗ ಅಳಲಿಲ್ಲ, ಬಿದ್ದ ಕೂದಲನ್ನು ಆರಿಸಿ ಕಿಸೆಯಲ್ಲಿಟ್ಟುಕೊಂಡನು. ಅದೇಕೆ ಹಾಗೆ ಮಾಡಿದನೆಂದು ನಾನು ಆಗಲೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನ ತಂದೆ ಬಂದರು. ರಾತ್ರಿ ಪಾಳಿ ಮುಗಿಸಿ ನಿದ್ರೆ ಮಾಡದೆ ಬಂದಿದ್ದರು. ಜಗಳಕ್ಕೆ ಬಂದರೆಂದು ನಾನು ಸಿದ್ಧನಾಗಿಯೇ ಇದ್ದೆ. ಅವರು ಕೈಮುಗಿದು ಹೇಳಿದ್ದು ಇಷ್ಟೇ: “ಗುರುಗಳ, ಅವರವ್ವ ಬ್ಯಾನಿ ಬಿದ್ದಾಗ ಬೇಡಕೊಂಡಿದ್ವಿ. ಚಿಂಚಲಿ ಜಾತ್ರಿ ಆದ ಮ್ಯಾಲೆ ತಗಸಬೇಕಂತ ಇತ್ತರಿ. ಇನ್ನ ಹದಿನೈದ ದಿನ. ನೀವು ಕೇಳಿದ್ದರ ಹೇಳತಿದ್ದಾ.” ನಾನು ಮೂರು ಸಲ ಅಪ್ಪಣೆ ಮಾಡಿದ್ದೆ, ಒಂದು ಸಲವೂ ಕೇಳಿರಲಿಲ್ಲ. ಹರಕೆಯಲ್ಲಿ ನನಗೆ ನಂಬಿಕೆ ಇಲ್ಲ, ಅದು ಬೇರೆ ಮಾತು. ಕಾಯಿಲೆಯ ತಾಯಿಗಾಗಿ ತಲೆಯ ಮೇಲೆ ಹೊತ್ತುಕೊಂಡದ್ದನ್ನು ಹನ್ನೆರಡು ವರ್ಷದ ಹುಡುಗ ನಂಬಿದ್ದನು.

ಅದಕ್ಕಿಂತಲೂ ತಾಗಿದ ಮಾತು ಸಂಜೆ ಬಂದಿತು. ಹುಡುಗನ ತಲೆಯನ್ನು ಸರಿಮಾಡಿದ ಕ್ಷೌರಿಕರು ದಾರಿಯಲ್ಲಿ ಭೆಟ್ಟಿಯಾಗಿ, “ಗುರುಗಳ, ಕತ್ತರಿ ಹಿಡದ ಮೂವತ್ತ ವರ್ಷ ಆತ್ರಿ. ಕೇಳದ ಒಬ್ಬರ ತಲಿಗೂ ಕೈ ಹಚ್ಚಿಲ್ಲ” ಎಂದು ಹೇಳಿ ಮುಂದೆ ನಡೆದರು. ಹಲವು ವರ್ಷಗಳ ಮೇಲೆ ಮುಂಬಯಿಯ ಕ್ಷೌರಿಕರ ಕಥೆಯನ್ನು ಓದಿದೆ. 1890ರ ಸುಮಾರಿಗೆ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಅವರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡುವುದಿಲ್ಲವೆಂದು ನಿರ್ಧರಿಸಿದರಂತೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಓದಿದವರಿಗೆ ಆ ನಿರ್ಧಾರದ ಬೆಲೆ ಗೊತ್ತಾಗುತ್ತದೆ. ಯಾವಾಗ ಕತ್ತರಿಸಬಾರದೆಂಬುದು ಕತ್ತರಿ ಹಿಡಿದವರಿಗೆ ಗೊತ್ತಿತ್ತು; ಪುಸ್ತಕ ಹಿಡಿದ ನನಗೆ ಗೊತ್ತಿರಲಿಲ್ಲ. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋದೆ. ಹಿತ್ತಲ ಬಾಗಿಲಿನಿಂದ ಹೊರಟುಹೋದನು. ಈಗ ಅವನಿಗೆ ಸ್ವಂತದ ನಾಲ್ಕು ಮಗ್ಗಗಳಿವೆ. ಸಂತೆಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಾನೆ. ಮಕ್ಕಳನ್ನು ಮಾತ್ರ ನಮ್ಮ ಶಾಲೆಗೆ ಕಳಿಸಲಿಲ್ಲ.

ಹುಡುಗಿಯ ವಿಷಯವನ್ನು ಬರೆಯುವುದು ಇದಕ್ಕಿಂತ ಕಠಿಣ. ಅವಳು ಮೂರನೆಯ ಇಯತ್ತೆಯಲ್ಲಿದ್ದಾಗ ಎಡಗಿವಿಯ ಹಿಂದೆ ಬೆರಳುದ್ದದ ಒಂದು ಗಂಟು ಕಾಣಿಸಿತು. ಅಪ್ಪ-ಅವ್ವ ಇಬ್ಬರೂ ದುಡಿಯಲು ಹೋಗುವ ಮನೆ. ನಲ್ಲಿಯ ನೀರಿಗೆ ಕಾಯುವ ಓಣಿ. ನೋಡಿಕೊಳ್ಳುವವಳು ಕಣ್ಣು ಮಂಜಾದ ಅಜ್ಜಿ. ಎಣ್ಣೆ ಇಲ್ಲ, ಹಣಿಗೆ ಇಲ್ಲ. ಕೂದಲು ಸಿಕ್ಕುಗಟ್ಟಿತು, ಧೂಳು ಸೇರಿತು, ಹೇನು ಸೇರಿತು, ಬೆವರು ಅದನ್ನೆಲ್ಲ ಅಂಟಿಸಿತು. ಅಜ್ಜಿ ಅದನ್ನು ಕೈಯಿಂದ ಮುಟ್ಟಿ ನೋಡಿ, “ಅವ್ವನ ಜಡಿ ಬಂದೈತಿ” ಎಂದು ಹೇಳಿ ಭಂಡಾರ ಹಚ್ಚಿದಳು. ಭಂಡಾರ ಹಚ್ಚಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಎಲ್ಲಮ್ಮನು ಕರೆದಿದ್ದಾಳೆ, ಜಟೆಯನ್ನು ಕತ್ತರಿಸಿದರೆ ರಕ್ತ ಬರುತ್ತದೆ, ಮನೆಯವರು ಸಾಯುತ್ತಾರೆ ಎಂಬ ಮಾತು ನಮ್ಮ ಕಡೆಯ ಓದುಗರಿಗೆ ಹೊಸದಲ್ಲ. ಸಹೋದ್ಯೋಗಿಯೊಬ್ಬರನ್ನು ಕೇಳಿದೆ, “ದೇವರ ವಿಷಯ, ನಮಗೇಕೆ ಸರ್” ಎಂದರು. ಹುಡುಗನ ಕೂದಲು ಕತ್ತರಿಸುವಾಗ ಬಂದ ಧೈರ್ಯ ನನಗೆ ಇಲ್ಲಿ ಬರಲಿಲ್ಲ. ಓಣಿಯವರು ಶಾಲೆಯ ಮೇಲೆ ಎದ್ದಾರು ಎಂದು ಅಂಜಿದೆ ಎಂಬುದೇ ನಿಜ. ಮನೆಯವರ ನಂಬಿಕೆಯನ್ನು ಗೌರವಿಸಿದೆನೆಂದು ನನಗೆ ನಾನೇ ಹೇಳಿಕೊಂಡೆ.

ಐದನೆಯ ಇಯತ್ತೆಯ ನಂತರ ಅವಳು ಬರಲಿಲ್ಲ. ಹೊಸ್ತಿಲ ಹುಣ್ಣಿಮೆಗೆ ಸವದತ್ತಿಗೆ ಹೋಗಿದ್ದಾರೆಂದು ಹೇಳಿದರು. ಏಳೆಂಟು ವರ್ಷಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಂಡಳು. ಕೊರಳಲ್ಲಿ ಕೆಂಪು-ಬಿಳಿ ಮಣಿಗಳ ಸರ, ಪಕ್ಕದಲ್ಲಿ ಬಟ್ಟೆ ಸುತ್ತಿದ ಜಗ. ಜಟೆ ಭುಜ ದಾಟಿತ್ತು. ಅದರ ಭಾರಕ್ಕೆ ಕುತ್ತಿಗೆ ಒಂದು ಕಡೆ ವಾಲಿತ್ತು. ನನ್ನನ್ನು ನೋಡಿದವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಆರಾಮ ಅದೀರಿಲ್ಲರಿ ಗುರುಗಳ?” ಎಂದು ಕೇಳಿದಳು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಕಾನೂನು ಇರಲಿಲ್ಲವೆಂದು ಹೇಳುವಂತಿಲ್ಲ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದ ಕೊಲ್ಹಾಪುರದ ಶಾಹೂ ಮಹಾರಾಜರೇ 1920ರಲ್ಲಿ ಜೋಗತಿ-ದೇವದಾಸಿ ಪದ್ಧತಿಯ ವಿರುದ್ಧವೂ ಕಾನೂನು ಮಾಡಿದ್ದರು. ಮುಂಬಯಿ ಪ್ರಾಂತದ ಕಾನೂನು 1934ರದು, ಕರ್ನಾಟಕದ್ದು 1982ರದು. ಎಪ್ಪತ್ತರ ದಶಕದಲ್ಲಿ ಡಾ. ಬಾಬಾ ಆಢಾವ ಅವರಂಥವರು ಗಡಹಿಂಗ್ಲಜಕ್ಕೆ ಬಂದು ದೇವದಾಸಿಯರನ್ನು ಒಟ್ಟುಗೂಡಿಸಿ ಪರಿಷತ್ತು ನಡೆಸಿದ್ದರು. ಅದು ನಮ್ಮದೇ ಜಿಲ್ಲೆ. ಪತ್ರಿಕೆಯಲ್ಲಿ ಓದಿ ನಾನು ಮೆಚ್ಚಿಕೊಂಡದ್ದೂ ಉಂಟು. ಆದರೆ ಕಾನೂನಿಗೆ ಹೆಣ್ಣುಮಗು ಕಾಣುವುದು ಮುತ್ತು ಕಟ್ಟಿದ ಮೇಲೆ. ಶಿಕ್ಷಕನಿಗೆ ಕಾಣುವುದು ಎರಡು ವರ್ಷ ಮೊದಲು, ಕಿವಿಯ ಹಿಂದಿನ ಗಂಟು ಬೆರಳುದ್ದ ಇರುವಾಗ. ಆ ಎರಡು ವರ್ಷಗಳೇ ನನ್ನ ಕೈಯಲ್ಲಿದ್ದವು.

ಈ ಭಯ ನಮ್ಮಲ್ಲಿ ಮಾತ್ರ ಇದ್ದುದಲ್ಲ ಎಂಬುದು ನಂತರ ತಿಳಿಯಿತು. ಯುರೋಪಿನ ಪೋಲಂಡ ದೇಶದಲ್ಲಿಯೂ ಇಂಥದೇ ಜಟೆ ಎಷ್ಟು ಸಾಮಾನ್ಯವಾಗಿತ್ತೆಂದರೆ, ವೈದ್ಯಶಾಸ್ತ್ರದಲ್ಲಿ ಅದಕ್ಕೆ ಆ ದೇಶದ ಹೆಸರೇ ಅಂಟಿಕೊಂಡಿದೆ. ಕತ್ತರಿಸಿದರೆ ರೋಗ ಬರುತ್ತದೆ, ಕಣ್ಣು ಹೋಗುತ್ತದೆ ಎಂದು ಅಲ್ಲಿಯ ರೈತರೂ ಅಂಜುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್ ಎಂಬವರು ಇದು ರೋಗವೂ ಅಲ್ಲ, ಮಾಟವೂ ಅಲ್ಲ, ಬಾಚದೆ ತೊಳೆಯದೆ ಬಿಟ್ಟ ಕೂದಲು ಎಂದು ತೋರಿಸಿಕೊಟ್ಟರು. ಅಲ್ಲಿ ಎಲ್ಲಮ್ಮನ ಹೆಸರನ್ನು ಯಾರೂ ಕೇಳಿರಲಿಲ್ಲ. ಜಟೆ ಮಾತ್ರ ಇದೇ.

ನನ್ನ ಕಣ್ಣು ತೆರೆಸಿದವರು ಮಾತ್ರ ವೈದ್ಯರಲ್ಲ, ನಮ್ಮ ಶಾಲೆಗೆ ತೊಂಬತ್ತರ ದಶಕದಲ್ಲಿ ಹೊಸದಾಗಿ ಬಂದ ಒಬ್ಬ ಬಾಯಿಯವರು. ಎರಡನೆಯ ಇಯತ್ತೆಯ ಹುಡುಗಿಯೊಬ್ಬಳ ತಲೆಯಲ್ಲಿ ಅಂಥದೇ ಗಂಟು ಕಂಡಾಗ ಅವರು ನನ್ನ ಅಪ್ಪಣೆಯನ್ನು ಕೇಳಲಿಲ್ಲ. ಹುಡುಗಿಯನ್ನು ಕೇಳಿದರು: “ನೋಯ್ತದೇನವಾ? ಬಿಡಸಲೇನು?” ಅವಳು ಹೂಂ ಎಂದ ಮೇಲೆ ಮನೆಯಿಂದ ಕೊಬ್ಬರಿ ಎಣ್ಣೆಯ ಶೀಸೆ ಮತ್ತು ಮರದ ಹಣಿಗೆ ತಂದರು. ಕತ್ತರಿಯನ್ನು ಮುಟ್ಟಲೇ ಇಲ್ಲ. ಮಧ್ಯಾಹ್ನದ ಸುಟ್ಟಿಯಲ್ಲಿ ಬೇವಿನ ಮರದ ಕೆಳಗೆ ಕುಳಿತು, ಗಂಟನ್ನು ಎಣ್ಣೆಯಲ್ಲಿ ನೆನೆಸಿ, ತುದಿಯಿಂದ ಮೇಲಕ್ಕೆ ಒಂದೊಂದೇ ಎಳೆ ಬಿಡಿಸುತ್ತ ಬಂದರು. ಮೂರನೆಯ ದಿನ ಸುದ್ದಿ ತಿಳಿದು ಹುಡುಗಿಯ ತಾಯಿ ಕೆಂಡದಂತೆ ಬಂದಳು. ಬಾಯಿಯವರು ಎದ್ದು ನಿಂತು, “ಬರ್ರಿ ಅಕ್ಕಾ, ಕೂಡ್ರಿ. ಈ ಕಡಿ ನೀವು ಹಿಡೀರಿ, ನನಗ ಒಬ್ಬಾಕಿಗೆ ಆಗವಲ್ದು” ಎಂದು ಹಣಿಗೆಯ ಕೆಳಗಿನ ಕೂದಲನ್ನು ಅವಳ ಕೈಗೆ ಕೊಟ್ಟರು. ಆ ತಾಯಿ ಕಾಂಡಿ ಸುತ್ತುವವಳು. ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿದಳು. ಆಮೇಲೆ, “ಸಿಕ್ಕ ಹಂಗ ಬಿಡಸಬಾರದ್ರಿ ಬಾಯಾರ” ಎಂದು ಹೇಳಿ ತಾನೇ ಬಿಡಿಸತೊಡಗಿದಳು. ಹನ್ನೊಂದು ದಿನ ಹಿಡಿಯಿತು. ಒಳಗೆ ಹೇನುಗಳ ರಾಶಿ, ಒಂದು ಹುಣ್ಣು. ಅಮ್ಮನೂ ಸಿಟ್ಟಾಗಲಿಲ್ಲ, ಯಾರೂ ಸಾಯಲಿಲ್ಲ.

ಮಗ್ಗದ ಅಚ್ಚಿಗೂ ನಮ್ಮಲ್ಲಿ ಹಣಿಗೆ ಎಂದೇ ಹೆಸರು. ಮರಾಠಿಯ ‘ಫಣಿ’ಗೂ ಈ ಎರಡೂ ಅರ್ಥಗಳಿವೆ. ಹಾಸಿನ ಎಳೆ ಸಿಕ್ಕಾದರೆ ಯಾವ ನೇಕಾರನೂ ಹಾಸನ್ನೇ ಕತ್ತರಿಸಿ ಒಗೆಯುವುದಿಲ್ಲ. ಆ ತಾಯಿಗೆ ಇದನ್ನು ನಾವು ಕಲಿಸಬೇಕಾಗಿರಲಿಲ್ಲ.

ಹಳೆಯದಾಗಿ ಹಗ್ಗದಂತಾದ ಜಟೆಯನ್ನು ಹೀಗೆ ಬಿಡಿಸಲಾಗದು, ಕತ್ತರಿಸಲೇಬೇಕು. ಡಾ. ನರೇಂದ್ರ ದಾಭೋಲಕರರು 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮಹಾರಾಷ್ಟ್ರದಲ್ಲಿ ಈ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಅವರೂ ಮೊದಲು ಮಾತನಾಡಿ, ಹೆಂಗಸು ತಾನಾಗಿ ಒಪ್ಪಿದ ಮೇಲೆಯೇ ಕತ್ತರಿ ಎತ್ತುತ್ತಾರೆ. 2013ರ ಆಗಸ್ಟಿನಲ್ಲಿ ಪುಣೆಯಲ್ಲಿ ದಾಭೋಲಕರರ ಕೊಲೆಯಾದ ಸುದ್ದಿ ಬಂದ ದಿನ ನನಗೆ ಮೊದಲು ನೆನಪಾದದ್ದು ಬಸ್ ಸ್ಟ್ಯಾಂಡಿನ ಆ ಸೆರಗು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ಶಾಲೆಗಳಲ್ಲಿ ಮಕ್ಕಳ ತಲೆಯನ್ನು ತಪಾಸಣೆ ಮಾಡುವ ಪದ್ಧತಿ ಇದೆ. ಕಲಿಸುವ ಪದ್ಧತಿ ಇಲ್ಲ. ಸೋಮವಾರ ಉಗುರು ನೋಡುತ್ತೇವೆ, ಕೂದಲು ನೋಡುತ್ತೇವೆ, ತಪ್ಪಿದವರನ್ನು ನಿಲ್ಲಿಸುತ್ತೇವೆ. ಉಗುರು ತೆಗೆಯುವುದು ಹೇಗೆ, ಬೈತಲೆ ತೆಗೆಯುವುದು ಹೇಗೆ ಎಂದು ತೋರಿಸಿದ್ದು ನನ್ನ ಮೂವತ್ತೈದು ವರ್ಷಗಳ ಸೇವೆಯಲ್ಲಿ ಬೆರಳೆಣಿಕೆಯಷ್ಟು ಸಲ. ಮನೆಯಲ್ಲಿ ಕಲಿಯಲಿ ಎನ್ನುವವರಿದ್ದಾರೆ. ಅವ್ವ ಆರು ಗಂಟೆಗೆ ಕೆಲಸಕ್ಕೆ ಹೊರಡುವ ಮನೆಯಲ್ಲಿ ಆರು ವರ್ಷದ ಹುಡುಗಿಗೆ ಎರಡು ಹೆಳಲು ಹಾಕುವವರು ಯಾರು? ಕೆಂಪು ರಿಬ್ಬನ್ನು ಕಡ್ಡಾಯ ಮಾಡಿದವರು ನಾವು. ಅದನ್ನು ಕಟ್ಟುವ ಕೈ ಮನೆಯಲ್ಲಿದೆಯೇ ಎಂದು ನೋಡಿದವರಲ್ಲ.

ಹೇನಿನ ವಿಷಯದಲ್ಲಿಯೂ ನಮ್ಮ ತಿಳುವಳಿಕೆ ತಪ್ಪು. ಹೇನು ಬಡವರ ಗುರುತಲ್ಲ, ಕೊಳಕಿನ ಗುರುತೂ ಅಲ್ಲ. ತಲೆಗೆ ತಲೆ ತಾಗಿದರೆ ಯಾರಿಗಾದರೂ ಹತ್ತುತ್ತದೆ. ತೊಳೆದ ತಲೆಗೂ ಹತ್ತುತ್ತದೆ. ಸೀರು ಒಡೆಯಲು ಸುಮಾರು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ಒಂದು ಸಲ ಸೀರಣಿಗೆ ಹಾಕಿ ಮುಗಿಯಿತೆಂದರೆ ಮುಗಿಯುವುದಿಲ್ಲ, ಎರಡು-ಮೂರು ವಾರ ಬಿಡದೆ ಹಾಕಬೇಕು. ಇಷ್ಟನ್ನು ವಿಜ್ಞಾನದ ತಾಸಿನಲ್ಲಿ ಹೇಳಿಕೊಟ್ಟರೆ, ಹೇನಿನ ಹುಡುಗಿಯನ್ನು ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂಡಿಸುವ ಕ್ರೌರ್ಯವಾದರೂ ತಪ್ಪೀತು.

ಗಂಡುಹುಡುಗರ ವಿಷಯದಲ್ಲಿ ನನ್ನೊಡನೆ ವಾದಿಸುವ ಮಿತ್ರರಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಕಟಿಂಗು ಇದ್ದರೆ ಬಡವ-ಶ್ರೀಮಂತ ಭೇದ ಕಾಣುವುದಿಲ್ಲ ಎಂಬುದು ಅವರ ಮಾತು. ಅದರಲ್ಲಿ ಹುರುಳಿದೆ. ಈಗ ಮೊಬೈಲಿನಲ್ಲಿ ಕಾಲ್ಚೆಂಡಿನ ಆಟಗಾರರನ್ನು ನೋಡಿ ಎರಡೂ ಕಡೆ ಬೋಳಿಸಿ ನಡುವೆ ಕೋಳಿಜುಟ್ಟು ಬಿಡುವ ಹುಡುಗನ ಹಿಂದೆ, ಅಷ್ಟು ರೊಕ್ಕ ಕೊಡಲಾರದೆ ಅಪ್ಪನೊಡನೆ ಜಗಳವಾಡುವ ಇನ್ನೊಬ್ಬ ಹುಡುಗ ಇರುತ್ತಾನೆ. ನಿಯಮ ಇರಲಿ. ಆದರೆ ನಿಯಮವನ್ನು ಪಾಲಕರ ಸಭೆಯಲ್ಲಿ ಹುಡುಗರನ್ನೂ ಕೂಡಿಸಿಕೊಂಡು ಮಾಡಬೇಕು, ಕಾರಣ ಹೇಳಬೇಕು, ತಪ್ಪಿದವನನ್ನು ಒಬ್ಬನನ್ನೇ ಕರೆದು ಕೇಳಬೇಕು. ಕತ್ತರಿ ಮಾತ್ರ ಶಿಕ್ಷಕನ ಕೈಯಲ್ಲಿ ಬೇಡ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯಿದೆ ಬರುವ ಮೊದಲೇ ನಾನು ನಿವೃತ್ತನಾದೆ. 1984ರಲ್ಲಿ ಅದು ಇದ್ದಿದ್ದರೆ ನಾನು ಅಂಜುತ್ತಿದ್ದೆ, ಅಂಜಿದ್ದರೆ ಒಳ್ಳೆಯದಾಗುತ್ತಿತ್ತು.

ಚಂದ ಕಾಣಬೇಕೆಂಬ ಆಸೆಯನ್ನು ಮಕ್ಕಳಲ್ಲಿ ಪಾಪವೆಂದು ನೋಡುವುದನ್ನೂ ನಾವು ಬಿಡಬೇಕು. ಗ್ಯಾದರಿಂಗಿನ ದಿನ ಮಕ್ಕಳಿಗೆ ನಾವೇ ಬಣ್ಣ ಹಚ್ಚಿ ಕುಣಿಸುತ್ತೇವೆ. ಮರುದಿನ ಕನ್ನಡಿ ನೋಡಿದರೆ ಗದರಿಸುತ್ತೇವೆ. ಕಪ್ಪಗಿದ್ದಾಳೆಂದು ಹುಡುಗಿಯನ್ನು ನಾಟಕದ ರಾಣಿಯ ಪಾತ್ರದಿಂದ ತೆಗೆದದ್ದು ನಮ್ಮಲ್ಲಿಯೇ ನಡೆದಿದೆ. ಆ ಸಭೆಯಲ್ಲಿ ನಾನೂ ಇದ್ದೆ.

ಮಹೋತ್ಸವ ಸಮಿತಿಯವರು ಹೊಸ ಸಭಾಗೃಹಕ್ಕಾಗಿ ದೇಣಿಗೆ ಕೂಡಿಸುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳು ಕೈಬಿಚ್ಚಿ ಕೊಡಲಿ. ನನ್ನ ಪಿಂಚಣಿಯಿಂದ ನಾನು ಕೊಡುವುದು ಒಂದು ದೊಡ್ಡ ಕನ್ನಡಿ, ಒಂದು ಡಜನ್ ಹಣಿಗೆ, ಆರು ಸೀರಣಿಗೆ, ವರ್ಷಕ್ಕೆ ಸಾಕಾಗುವಷ್ಟು ಕೊಬ್ಬರಿ ಎಣ್ಣೆ. ಪ್ರತಿ ಶನಿವಾರ ಬೆಳಗಿನ ಶಾಲೆಯ ಕೊನೆಯ ತಾಸನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ಈಗಿನ ಮುಖ್ಯಾಧ್ಯಾಪಕರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಆಮಂತ್ರಣ ಪತ್ರಿಕೆಗಳಲ್ಲಿ ಎರಡನ್ನು ನಾನೇ ಇಟ್ಟುಕೊಂಡಿದ್ದೇನೆ. ಮಗ್ಗದ ಶೆಡ್ಡಿಗೆ ಒಂದನ್ನು ನಾನೇ ಒಯ್ದು ಕೊಡುತ್ತೇನೆ. ಇನ್ನೊಂದನ್ನು ಒಯ್ಯಬೇಕಾದ ವಿಳಾಸವನ್ನು ಹುಡುಕುತ್ತಿದ್ದೇನೆ.

ಕನ್ನಡಿಯ ಬಗ್ಗೆ ಒಂದು ವಿನಂತಿ. ಅದನ್ನು ಆಫೀಸಿನಲ್ಲಿ ಶಿಕ್ಷಕರ ಎತ್ತರಕ್ಕೆ ತೂಗುಹಾಕಬೇಡಿರಿ. ಪಡಸಾಲೆಯಲ್ಲಿ, ನೆಲದಿಂದ ಎರಡು ಫೂಟಿನ ಮೇಲೆ ಮೊಳೆ ಹೊಡೆಸಿರಿ. ಒಂದನೆಯ ಇಯತ್ತೆಯ ಮಕ್ಕಳಿಗೆ ಮುಖ ಕಾಣಬೇಕು.